ಎಣಿಕೆಯ ದಿನದ ಊಟ

ಆ ಬ್ಲಾಕಿನ ನದಿದ್ವೀಪಗಳ ಮಣ್ಣಿಗೆ ಒಂದೇ ಹಟ. ಎಣಿಕೆಯ ದಿನ ಒಂದೊಂದು ದ್ವೀಪದಲ್ಲೂ ನಲವತ್ತು ಮಂದಿ ಕೂತು ಉಂಡರೆ ಅದು ಇನ್ನೊಂದು ವರ್ಷ ನಿಲ್ಲುತ್ತದೆ. ಒಬ್ಬರು ಕಡಿಮೆಯಾದರೂ ಸಂಜೆಯೊಳಗೆ ಹೊಳೆಯ ಪಾಲು. ಗಣತಿಯ ನಿರುಪಮಾ ಜೆನಾ ಹನ್ನೊಂದು ವರ್ಷದಿಂದ ಅಲ್ಲಿ ಒಂದು ತುತ್ತೂ ತಿನ್ನದೆ ಎಣಿಸುತ್ತಿದ್ದಳು. ಎಣಿಸುವವರು ಉಣ್ಣಬಾರದೆಂದು ಕಚೇರಿಯ ಕಟ್ಟಪ್ಪಣೆ.

ಈ ಸಲ ಬೇಣಾಪಾಲ ದ್ವೀಪದಲ್ಲಿ ಊಟಕ್ಕೆ ಕೂತವರು ಮೂವತ್ತೊಂಬತ್ತು.

“ಮೌಸಿ, ಒಬ್ಬರು ಕಮ್ಮಿ,” ಎಂದಳು ನಿರುಪಮಾ.

“ಸೊಸೆ ಹೆರಿಗೆಗೆ ತವರಿಗೆ ಹೋದಳಲ್ಲ ದೀದಿ,” ಎಂದಳು ಬಡಿಸುತ್ತಿದ್ದ ಕೇತಕಿ. “ಪಕ್ಕದ ದ್ವೀಪದಿಂದ ಬರ್ತಾರೆ, ತಡಿ.”

ಕಾಲಡಿಯ ಮರಳು ಆಗಲೇ ಜಾರತೊಡಗಿತ್ತು. ಅಷ್ಟರಲ್ಲಿ ಧ್ರುಬ ಎಂಬ ಮುದುಕ ದೋಣಿಯಿಂದಿಳಿದ.

“ಹೋದ ವರ್ಷದ ಹಾಗೆ ಬೇಳೆಗೆ ಉಪ್ಪು ಮರೆತಿಲ್ಲ ತಾನೆ?” ಎನ್ನುತ್ತಲೇ ಕೂತು ಮೊದಲ ತುತ್ತು ಬಾಯಿಗಿಟ್ಟ. ಮರಳು ನಿಂತಿತು.

“ನಿಮ್ಮಲ್ಲಿ ಎಷ್ಟು ಜನ, ಮೌಸಾ?” ನಿರುಪಮಾ ಕೇಳಿದಳು.

“ಸರಿಯಾಗಿ ನಲವತ್ತು. ನನ್ನ ಬದಲಿಗೆ ನಮ್ಮಾಚೆಯ ದ್ವೀಪದಿಂದ ಒಬ್ಬಳು ಬಂದು ಉಣ್ತಿದಾಳೆ.”

“ಅವಳ ಬದಲಿಗೆ ಅಲ್ಲಿ ಯಾರು?”

“ಅದೇ ಕೊನೆಯ ದ್ವೀಪ. ನಲವತ್ತೊಂದು ಜನ ಇದ್ರು, ಮೊನ್ನೆ ಒಬ್ಬ ಅಜ್ಜಿ ತೀರಿಕೊಂಡಳು.” ಧ್ರುಬ ಅನ್ನ ಕಲೆಸುವುದನ್ನು ನಿಲ್ಲಿಸಿದ. “ಆದರೂ ಕೊಟ್ಟ ಮಾತಿಗೆ ಆಳು ಕಳಿಸಿದ್ರು.”

ತಮ್ಮ ಮಣ್ಣು ಕರಗುತ್ತದೆಂದು ಗೊತ್ತಿದ್ದೂ ಕಳಿಸಿದ್ದರು. ಇಂಥ ಜನರನ್ನು ತಾನು ಇಷ್ಟು ವರ್ಷ ಬರೀ ಅಂಕಿಯಾಗಿ ಬರೆದುಕೊಂಡೆನಲ್ಲ ಎನಿಸಿತು ನಿರುಪಮಾಗೆ. ಅವಳು ಗಣತಿಯ ಪುಸ್ತಕವನ್ನು ಕೇತಕಿಯ ಕೈಗಿತ್ತು, ಸೀರೆ ಎತ್ತಿ ಕಟ್ಟಿ ದೋಣಿ ಹತ್ತಿದಳು.

“ಕೊನೆಯ ದ್ವೀಪಕ್ಕೆ ನಡಿಯಪ್ಪ,” ಎಂದಳು ಅಂಬಿಗನಿಗೆ. “ಬೇಗ ಹುಟ್ಟು ಹಾಕು. ನನಗೆ ಹಸಿವಾಗಿದೆ.”