ಎದೆಮಟ್ಟ

ಹನ್ನೊಂದನೆಯ ಕಂಟೇನರ್ ಹಡಗಿನಿಂದ ಮೇಲೆದ್ದಾಗ ಸಿದ್ಧಲಿಂಗೇಶನ ಬಾಯಲ್ಲಿ ಹುಳಿನೀರು ತುಂಬಿತು. ಎದುರಿನ ನಾಲ್ಕು ಪರದೆಗಳಲ್ಲಿ ಸಮುದ್ರ, ಹಡಗಿನ ಅಂಚು, ಕ್ರೇನಿನ ಉಕ್ಕಿನ ಹಗ್ಗಗಳು ಎಲ್ಲವೂ ಒಟ್ಟಿಗೆ ಎಡಕ್ಕೆ ಸರಿದವು. ಅವನ ಕುರ್ಚಿ ಮಾತ್ರ ಇದ್ದಲ್ಲೇ ಇತ್ತು. ಅವನು ನುಂಗಿಕೊಂಡು, ಬಲಗಾಲನ್ನು ನೆಲಕ್ಕೊತ್ತಿ ಕುರ್ಚಿಯನ್ನು ಮೆಲ್ಲಗೆ ತೂಗತೊಡಗಿದ. ಚಿತ್ರ ಸರಿದಾಗ ಮೈಯೂ ಸರಿದರೆ ತಲೆಸುತ್ತು ಸ್ವಲ್ಪ ತಡವಾಗಿ ಬರುತ್ತಿತ್ತು.

ಚೆನ್ನೈಯ ತಿರುವೊಟ್ಟಿಯೂರಿನಾಚೆಯ ಈ ಬಂದರಿನಲ್ಲಿ ಹನ್ನೆರಡು ವರ್ಷ ಅವನು ಇದೇ ಕ್ರೇನಿನ ಕ್ಯಾಬಿನ್ನಿನಲ್ಲಿ, ಹದಿಮೂರು ಮಹಡಿಗಳೆತ್ತರದಲ್ಲಿ ಕೂತು, ಕಾಲಡಿಯ ಗಾಜಿನಿಂದ ನೆಲ ನೋಡುತ್ತ ಕೆಲಸ ಮಾಡಿದ್ದ. ಒಂದು ದಿನವೂ ತಲೆ ತಿರುಗಿರಲಿಲ್ಲ. ಎರಡು ತಿಂಗಳ ಹಿಂದೆ ಅಲ್ಲಿಂದ ಇಳಿಸಿ ಕಿಟಕಿಯಿಲ್ಲದ ಈ ಎ.ಸಿ. ಕೋಣೆಯಲ್ಲಿ ಕೂರಿಸಿದ್ದರು. ಇಲ್ಲಿಂದಲೇ ಕ್ಯಾಮೆರಾ ನೋಡಿ ಕ್ರೇನ್ ಓಡಿಸಬೇಕು. ಆಗ ತುಂಬಿಸಿಕೊಂಡ ವೈದ್ಯಕೀಯ ಅರ್ಜಿಯಲ್ಲಿ ‘ತಲೆಸುತ್ತು’ ಎಂಬುದರ ಎದುರು ಎರಡೇ ಚೌಕಗಳಿದ್ದವು: ಇದೆ, ಇಲ್ಲ. ಯಾವಾಗ, ಏನನ್ನು ನೋಡಿದರೆ ಎಂದು ಬರೆಯಲು ಜಾಗವಿರಲಿಲ್ಲ. ‘ಇದೆ’ ಎಂದವರು, ಇನ್ನೂ ಮೇಲೆ ಕೂತೇ ಓಡಿಸುವ ಎರಡು ಹಳೆಯ ಕ್ರೇನುಗಳನ್ನೂ ಮತ್ತೆ ಹತ್ತುವಂತಿಲ್ಲ. ಆ ದಿನ ‘ಇಲ್ಲ’ ಎನ್ನುವುದು ನಿಜವೂ ಆಗಿತ್ತು. ಮರುದಿನದಿಂದ ಆಗಿರಲಿಲ್ಲ. ಅವನು ಹೋಗಿ ತಿದ್ದಲಿಲ್ಲ.

ಕಂಟೇನರ್ ದಡದ ಮೇಲೆ ಬಂದ ನಂತರದ್ದೇ ಭಯದ ಕೆಲಸ. ಅದನ್ನು ಲಾರಿಗೆ ಇಡುವ ಮೊದಲು ಎದೆಮಟ್ಟದಲ್ಲಿ ನೇತಾಡಿಸಿ ನಿಲ್ಲಿಸಬೇಕು. ಆಗ ಕೆಳಗೆ ನಿಂತ ಇಬ್ಬರು ಅದರ ಅಡಿಗೆ ಕೈಹಾಕಿ ನಾಲ್ಕು ಮೂಲೆಗಳ ಕಬ್ಬಿಣದ ಲಾಕುಗಳನ್ನು ಬಿಚ್ಚುತ್ತಾರೆ. ಪರದೆಯಲ್ಲಿ ಅವರು ಎರಡು ಹಳದಿ ಹೆಲ್ಮೆಟ್‌ಗಳು, ಹೆಡ್‌ಫೋನಿನಲ್ಲಿ ಒಂದು ದನಿ. ಆ ದನಿ ತಮಿಳಿನಲ್ಲಿ ‘ಎರಕ್ಕುಂಗ ಸಾರ್’ ಎಂದರೆ ಇಳಿಸಬೇಕು, ‘ನಿಪ್ಪಾಟ್ಟುಂಗ’ ಎಂದರೆ ನಿಲ್ಲಿಸಬೇಕು. ಎರಡು ತಿಂಗಳಲ್ಲಿ ಅದು ಬೇರೇನೂ ಆಡಿರಲಿಲ್ಲ. ಇವನೂ ಕೇಳಿರಲಿಲ್ಲ.

ಪಕ್ಕದ ಮೇಜಿನ ಅಶ್ವಿತಾ ಕ್ರೇನ್ ಹತ್ತದೆಯೇ ಕ್ರೇನ್ ಕಲಿತವಳು. ಹುಟ್ಟಿದ್ದು ಚೆನ್ನೈಯಲ್ಲಿ, ಮನೆಮಾತು ಕನ್ನಡ. ಎಂಟು ಜನರ ಆ ಕೋಣೆಯಲ್ಲಿ ಕನ್ನಡ ಇವರಿಬ್ಬರಿಗೇ ಗೊತ್ತೆಂಬ ಧೈರ್ಯದಲ್ಲಿ, ಶಿಫ್ಟಿನ ಮೇಲ್ವಿಚಾರಕ ಮೋಹನ್ ಮೀಸೆಗೆ ಹಚ್ಚುವ ಬಣ್ಣದ ಬಗ್ಗೆ ಅವನೆದುರಿಗೇ ಮಾತಾಡಿಕೊಳ್ಳುತ್ತಿದ್ದರು.

‘ಏನ್ ಸರ್, ಬಸ್ಸಲ್ಲಿ ಕೂತ ಮಾದಿರಿ ಆಡ್ತಾ ಇದ್ದೀರಿ,’ ಎಂದಳು ಅವಳು. ‘ಕಂಡಕ್ಟರ್ ಬರೋದ್ರೊಳಗೆ ಟಿಕೆಟ್ ತಗೊಳ್ಳಿ.’

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ಇಂದು ಕತ್ತಿನ ಹಿಂದೆ ಬೆವರು ತಣ್ಣಗೆ ಇಳಿಯುತ್ತಿತ್ತು. ಮೋಹನ್ ಮೂರು ಮೇಜಿನಾಚೆ ಯಾರೊಡನೆಯೋ ಫೋನಿನಲ್ಲಿದ್ದ.

‘ಪರದಿ ನೋಡಿದ್ರ ನಂಗ ತಲಿ ತಿರಗತೈತಿ,’ ಎಂದ ಸಿದ್ಧಲಿಂಗೇಶ. ‘ವಾಂತಿ ಬಂದಂಗ ಆಗತೈತಿ. ಎರಡ ತಿಂಗಳಾತು. ದಡದ ಮ್ಯಾಲ ಇಳಸೂಮುಂದ ಕಣ್ಣ ಮುಚ್ಚಕೊಂಡು ಎಣಸ್ತೀನಿ. ಹತ್ತು ಅಂದ್ರ ಎದಿಮಟ್ಟ.’

ಅಶ್ವಿತಾಳ ಬೆರಳುಗಳು ನಿಂತವು. ಕೆಳಗೆ ಆಳುಗಳಿದ್ದಾರಲ್ಲ ಎಂದು ಅವಳು ಪಿಸುಗುಟ್ಟಿದಳು.

‘ಹನ್ನೆರಡ ವರ್ಷದ ಕೈ. ಇನ್ನೂತನ ತಪ್ಪಿಲ್ಲ.’

‘ಇನ್ನೂತನ’ ಎಂಬ ಮಾತು, ಇಲ್ಲಿಯವರೆಗಷ್ಟೇ ಎಂಬಂತೆ, ಅವನ ಕಿವಿಗೇ ಬಿತ್ತು. ಆದರೆ ಅಷ್ಟರಲ್ಲಿ ಕಂಟೇನರ್ ದಡದ ಮೇಲೆ ಬಂದಿತ್ತು. ಅವನು ರೂಢಿಯಂತೆ ಕಣ್ಣು ಮುಚ್ಚಿದ. ಎಂಟು. ಒಂಬತ್ತು. ಹತ್ತು. ಕೈ ನಿಂತಿತು. ‘ನಿಪ್ಪಾಟ್ಟುಂಗ’ ಎಂಬ ಮಾತು ಬರಲಿಲ್ಲ.

ಅವನು ಕಣ್ಣು ತೆರೆದು ಮೊದಲು ಕೆಳಗೆ ನೋಡಿದ. ಕುರ್ಚಿ ತೂಗುತ್ತಿದ್ದ ಬಲಗಾಲು ಜಾರಿ ಪೆಡಲಿನ ಮೇಲೆ ಕೂತಿತ್ತು, ದಡದವರೊಡನೆ ಮಾತಾಡುವಾಗ ಒತ್ತುವ ಪೆಡಲು. ಅದರ ಹಸಿರು ದೀಪ ಉರಿಯುತ್ತಿತ್ತು. ಯಾವಾಗಿನಿಂದಲೋ. ಅವನು ಕಾಲೆತ್ತಿದ. ದೀಪ ಆರಿತು. ಹೆಡ್‌ಫೋನಿನಲ್ಲಿ ಗಾಳಿಯ ಸದ್ದಷ್ಟೇ ಇತ್ತು. ಇಷ್ಟು ದಿನ ಗಾಳಿಯ ಸದ್ದನ್ನು ಅವನು ಗಮನಿಸಿರಲಿಲ್ಲ.

‘ಕಣ್ ಬುಡಿ ಸಾಮಿ,’ ಎಂದಿತು ಅದೇ ದನಿ, ಚಾಮರಾಜನಗರದ ಕಡೆಯ ಕನ್ನಡದಲ್ಲಿ. ‘ಕೆಳ್ಗೆ ನಾನಿವ್ನಿ. ಅಂದಾನಿ ಅಂತ ನನ್ ಹೆಸ್ರು.’

ಮೋಹನನ ಮೇಜಿನ ಸ್ಪೀಕರಿನಲ್ಲೂ ಅದು ಕೇಳಿಸಿತ್ತು. ಅವನು ಫೋನಿಗೆ ಕೈ ಅಡ್ಡ ಹಿಡಿದು, ಏನು ಹೇಳುತ್ತಿದ್ದಾನೆ ಅವನು ಎಂದು ತಮಿಳಿನಲ್ಲಿ ಕೇಳಿದ. ಸಿದ್ಧಲಿಂಗೇಶ ಬಾಯಿ ತೆರೆಯುವ ಮೊದಲೇ ಅಶ್ವಿತಾ ಉತ್ತರ ಕೊಟ್ಟಳು: ಏನಿಲ್ಲ ಸಾರ್, ಇಬ್ಬರದೂ ಒಂದೇ ಕಡೆ, ಊರು ವಿಚಾರಿಸುತ್ತಿದ್ದಾನೆ. ಊರಿನ ಮಾತು ಚಹಾದ ಹೊತ್ತಿಗೆ ಇಟ್ಟುಕೊಳ್ಳಲಿ, ಹಡಗು ಕಾಯುತ್ತಿದೆ ಎಂದು ಮೋಹನ್ ಫೋನಿಗೆ ಮರಳಿದ. ಅಶ್ವಿತಾ ತನ್ನ ಪರದೆಯಿಂದ ಕಣ್ಣು ಕೀಳಲಿಲ್ಲ.

ಅಷ್ಟೇ. ಕೋಣೆಯಲ್ಲಿ ಬೇರೆ ಯಾರಿಗೂ ಏನೂ ತಿಳಿದಿರಲಿಲ್ಲ. ಸಿದ್ಧಲಿಂಗೇಶ ಪರದೆಯನ್ನು ನೋಡಿದ. ಎದೆಮಟ್ಟದಲ್ಲಿ ಕಂಟೇನರ್ ನೇತಾಡುತ್ತಿತ್ತು. ಒಂದು ಹೆಲ್ಮೆಟ್ ಹಿಂದೆ ಸರಿದು ನಿಂತಿತ್ತು, ಇನ್ನೊಂದು ಮೂಲೆಯ ಹತ್ತಿರವೇ ಇತ್ತು. ಕಂಟೇನರ್ ಅಲುಗುತ್ತಿದೆಯೋ, ತನ್ನ ಕಣ್ಣಷ್ಟೇ ಅಲುಗುತ್ತಿದೆಯೋ, ಎಷ್ಟು ದಿಟ್ಟಿಸಿದರೂ ಅವನಿಗೆ ತಿಳಿಯಲಿಲ್ಲ.

‘ಈಗ ಕೈ ಹಾಕ್ಲಾ ಸಾಮಿ?’

‘ಬ್ಯಾಡ, ನಂಗ ಸರಿ ಕಾಣವಲ್ದು,’ ಎಂದ ಸಿದ್ಧಲಿಂಗೇಶ ಪೆಡಲು ಒತ್ತಿ. ಆಮೇಲೆ, ಮೋಹನನಿಗೂ ತಿಳಿಯಲೆಂದು, ಅದನ್ನೇ ದನಿಯೆತ್ತಿ ತಮಿಳಿನಲ್ಲಿ ಇನ್ನೊಮ್ಮೆ ಹೇಳಿದ.