ಬಗ್ಗಿದ ಪಿನ್ನುಗಳು

“ಸರ್, ಒತ್ತಬ್ಯಾಡ್ರಿ,” ಎಂದಳು ಮೇಘಶ್ರೀ. ಅಷ್ಟರಲ್ಲಿ ಗುರುಬಸವರಾಜ್ ಮೇಷ್ಟ್ರ ಹೆಬ್ಬೆರಳು ಕಂಪ್ಯೂಟರಿನ ಪ್ರೊಸೆಸರನ್ನು ಒತ್ತಿಯಾಗಿತ್ತು. ಕಡ್ಡಿ ಮುರಿದಂಥ ಸಣ್ಣ ಸದ್ದು ಕೇಳಿಸಿತು. ಹೊನ್ನಾಳಿ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿದ್ದ ಆ ಹಾರ್ಡ್‌ವೇರ್ ತರಬೇತಿ ಕೇಂದ್ರದಲ್ಲಿ ಆಗ ಅವರಿಬ್ಬರೇ. ಗಂಟೆ ಹತ್ತೂಕಾಲು. ಹನ್ನೊಂದಕ್ಕೆ ದಾವಣಗೆರೆಯಿಂದ ಪರೀಕ್ಷಕರು ಬರುವವರಿದ್ದರು. ಆರು ತಿಂಗಳ ಕೋರ್ಸಿನ ಕೊನೆಯ ಪರೀಕ್ಷೆ. ಕಂಪ್ಯೂಟರನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಚಾಲೂ ಮಾಡಿ ತೋರಿಸಬೇಕು. ಅದಕ್ಕೆಂದು ಇದ್ದದ್ದು ಇದೊಂದೇ ಕಂಪ್ಯೂಟರು. ಹದಿನಾಲ್ಕು ಮಂದಿಯ ಸರ್ಟಿಫಿಕೇಟು ಅದರ ಮೇಲೆ ನಿಂತಿತ್ತು.

ಮೇಷ್ಟ್ರು ಪ್ರೊಸೆಸರನ್ನು ಎತ್ತಿ ಬೋರಲು ಮಾಡಿದರು. ಅದರ ಹೊಟ್ಟೆಯ ತುಂಬ ಸಾವಿರಕ್ಕೂ ಹೆಚ್ಚು ಬಂಗಾರದ ಬಣ್ಣದ ಪಿನ್ನುಗಳು. ಒಂದು ಮೂಲೆಯಲ್ಲಿರುವ ಪುಟ್ಟ ತ್ರಿಕೋನದ ಗುರುತನ್ನು ಕಂಪ್ಯೂಟರೊಳಗಿನ ಬೋರ್ಡಿನ ತ್ರಿಕೋನಕ್ಕೆ ಹೊಂದಿಸಿದರೆ ಅದು ತಾನಾಗಿ ಇಳಿದು ಕೂರುತ್ತದೆ, ಬೆರಳಿನ ಭಾರವೂ ಬೇಡ. ಮೊದಲ ದಿನವೇ ಇದನ್ನು ಕಲಿಸಿದವರು ಅವರೇ. ಈಗ ತ್ರಿಕೋನವನ್ನು ತಪ್ಪು ಮೂಲೆಗೆ ಇಟ್ಟು ಒತ್ತಿಬಿಟ್ಟಿದ್ದರು. ಅಂಚಿನ ಮೂರು ಪಿನ್ನು ಗಾಳಿಗೆ ಒರಗಿದ ಭತ್ತದ ಪೈರಿನಂತೆ ಬಗ್ಗಿದ್ದವು.

“ನಿನ್ನೆ ಇದನ್ನ ಮುಟ್ಟಿದವರು ಯಾರು?” ಎಂದರು ಮೇಷ್ಟ್ರು, ಅವಳ ಕಡೆ ನೋಡದೆ. “ಆ ತಿಪ್ಪೇಶನೇ ಇರಬೇಕು. ಹೇಳಿದ್ದು ತಲೆಗೆ ಹೋಗಲ್ಲ ಅವನಿಗೆ.”

“ತಿಪ್ಪೇಶ ಬರೋದು ಬಿಟ್ಟು ಹದಿನೈದು ದಿನ ಆತು ಸರ್.”

ಮೇಷ್ಟ್ರು ಪ್ರೊಸೆಸರನ್ನು ಮೇಜಿನ ಮೇಲಿಟ್ಟರು.

ತಿಪ್ಪೇಶ ನ್ಯಾಮತಿ ಕಡೆಯವನು, ಮೇಘಶ್ರೀ ಪಕ್ಕದ ಮೇಜಿನಲ್ಲಿ ಕಲಿಯುತ್ತಿದ್ದವನು. ಹದಿನೈದು ದಿನದ ಹಿಂದೆ ಇಂಥದ್ದೇ ಇನ್ನೊಂದು ಪ್ರೊಸೆಸರಿನ ಪಿನ್ನು ಮುರಿದಾಗ ಮೇಷ್ಟ್ರು ಎಲ್ಲರೆದುರು, “ನಿಂದು ಅಡಿಕೆ ಸುಲಿಯೋ ಕೈ, ಈ ಕೆಲಸಕ್ಕಲ್ಲ” ಎಂದಿದ್ದರು. ಅವನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವತ್ತು ಅವನು ಪ್ರೊಸೆಸರನ್ನು ಸರಿಯಾಗಿಯೇ ಕೂರಿಸಿದ್ದನ್ನು ಮೇಘಶ್ರೀ ಕಣ್ಣಾರೆ ಕಂಡಿದ್ದಳು. ಆಮೇಲೆ ಮೇಷ್ಟ್ರು ಪರೀಕ್ಷಿಸಲೆಂದು ಅದನ್ನು ತೆಗೆದು ತಾವೇ ಮತ್ತೆ ಇಟ್ಟಿದ್ದನ್ನೂ ಕಂಡಿದ್ದಳು. ಆದರೆ ಚನ್ನಗಿರಿ, ಜಗಳೂರುಗಳಿಂದಲೂ ಜನ ಕೆಟ್ಟ ಕಂಪ್ಯೂಟರು ಹೊತ್ತು ತರುತ್ತಿದ್ದದ್ದು ಈ ಮನುಷ್ಯನ ಹತ್ತಿರವೇ. ಅವರ ಕೈ ತಪ್ಪೀತೇ ಎಂದು ಅವಳು ತನ್ನ ಕಣ್ಣನ್ನೇ ನಂಬದೆ ಬಾಯಿ ಮುಚ್ಚಿಕೊಂಡಿದ್ದಳು.

“ಅವತ್ತೂ ಕೊನೆಗೆ ತೆಗೆದು ಇಟ್ಟವರು ನೀವೇ ಸರ್,” ಎಂದಳು ಈಗ. “ನಾನು ನೋಡ್ತಿದ್ದೆ.”

“ನೋಡಿದ್ರೆ ಅವತ್ತೇ ಯಾಕೆ ಹೇಳಲಿಲ್ಲ?”

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದು ಕುಳಿತು ಕನ್ನಡಕ ತೆಗೆದರು. “ಶುಗರ್ ಕಣ್ಣಿಗೆ ಇಳದೈತೆ. ಬಲಗಣ್ಣಾಗೆ ಬರೀ ಮಬ್ಬು. ದೀಪಾವಳಿಯಿಂದ ಹಿಂಗೆ. ಮನೇಲೂ ಹೇಳಿಲ್ಲ. ಕಣ್ಣು ಕಾಣದವನ ಹತ್ರ ಈ ಕೆಲಸ ಕಲಿಯಾಕೆ ಯಾರು ಬರ್ತಾರೆ, ಹೇಳು?”

ಕೆಳಗೆ ಶಿವಮೊಗ್ಗ ಬಸ್ಸಿನ ಕಂಡಕ್ಟರು ಕೂಗುತ್ತಿದ್ದ. ಮೇಘಶ್ರೀ ಚೀಲದಿಂದ, ತುದಿ ಒತ್ತಿದರೆ ಕಡ್ಡಿ ಹೊರಬರುವ ಪೆನ್ಸಿಲ್ ತೆಗೆದು ಒಳಗಿನ ಕಡ್ಡಿಯನ್ನು ಉದುರಿಸಿದಳು. ಅದರ ಪೊಳ್ಳು ಮೂತಿಯನ್ನು ಬಗ್ಗಿದ ಪಿನ್ನಿಗೆ ಟೋಪಿಯಂತೆ ಹಾಕಿ ಮೆಲ್ಲಗೆ ಎತ್ತಬೇಕು. ಬಲ ಹೆಚ್ಚಾದರೆ ಬುಡದಲ್ಲೇ ಮುರಿಯುತ್ತದೆ, ಮುರಿದರೆ ಮುಗಿಯಿತು. ಒಂದು ನೆಟ್ಟಗಾಯಿತು. ಎರಡನೆಯದೂ ಆಯಿತು. ಮೂರನೆಯದು ಬುಡದಿಂದಲೇ ಮಡಿಚಿಕೊಂಡಿತ್ತು.

“ಒಂದೇ ಸಲಕ್ಕೆ ಎತ್ತಬ್ಯಾಡ,” ಎಂದರು ಮೇಷ್ಟ್ರು ಕುಳಿತಲ್ಲಿಂದಲೇ. “ಎಳ್ಳಷ್ಟು ಎತ್ತು, ಬಿಡು. ಉಸಿರು ಬಿಟ್ಟು ಮತ್ತೆ ಎತ್ತು.”

ಪ್ರೊಸೆಸರು ಈ ಸಲ ತಾನಾಗಿ ಇಳಿದು ಕೂತಿತು. ಮೇಲೆ ಫ್ಯಾನು ಕೂರಿಸಿ, ತಂತಿ ಸಿಕ್ಕಿಸಿ, ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಗೇ ಇತ್ತು. ಹತ್ತು ಎಣಿಸಿದಳು, ಇಪ್ಪತ್ತು ಎಣಿಸಿದಳು.

“ಬರ್ತಿಲ್ಲ ಸರ್.”

“ತಡಿ.” ಮೇಷ್ಟ್ರು ತಲೆ ವಾಲಿಸಿ ಕಿವಿಗೊಟ್ಟಿದ್ದರು. “ಕೈ ಹಾಕಬ್ಯಾಡ. ತನ್ನ ಭಾಗಗಳನ್ನ ಹುಡುಕ್ತಾ ಐತೆ ಅದು. ತಡಿ.”

ಒಂದೇ ಒಂದು ಬೀಪ್. ಪರದೆ ಬೆಳಗಿತು. ಮೇಘಶ್ರೀ ಮೇಜಿನ ಅಂಚು ಹಿಡಿದು ನಿಂತಳು. ಮೇಷ್ಟ್ರು ಹಾಜರಿ ಪುಸ್ತಕವನ್ನು ಅವಳತ್ತ ತಳ್ಳಿದರು. “ಪಟ್ಟಿಯಾಗೆ ತಿಪ್ಪೇಶನ ಹೆಸರು ಇನ್ನೂ ಐತೆ. ಸಂಜೆ ನಾಲ್ಕರ ತನಕ ಪರೀಕ್ಷೆ. ಅವನಿಗೆ ಫೋನ್ ಮಾಡಿ ಬರಾಕೆ ಹೇಳು.”

“ನೀವೇ ಹೇಳ್ರಿ ಸರ್.”

ಮೇಷ್ಟ್ರು ಅವಳನ್ನು ನೋಡಿದರು. ಪರೀಕ್ಷಕರು ಬಂದರೇನೋ ಎಂಬಂತೆ ಒಮ್ಮೆ ಬಾಗಿಲ ಕಡೆಗೂ ನೋಡಿದರು. ಕೊನೆಗೆ ಜೇಬಿನಿಂದ ಫೋನು ತೆಗೆದು ಮೂಗಿನ ಹತ್ತಿರ ಹಿಡಿದುಕೊಂಡರು. ಮೇಘಶ್ರೀ ಪುಸ್ತಕ ನೋಡಿಕೊಂಡು ನಂಬರನ್ನು ಒಂದೊಂದಾಗಿ ಓದಿದಳು, ಅವರು ಒಂದೊಂದಾಗಿ ಒತ್ತಿದರು. ಆಚೆ ಕಡೆ ಮೂರು ಸಲ ರಿಂಗಾಯಿತು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ, ಎದುರಿಗಿದ್ದ ಅವಳಿಗೂ ಕೇಳುವಷ್ಟು ಜೋರಾಗಿ ತಿಪ್ಪೇಶನ ದನಿ ಬಂತು:

“ಸರ್, ಅದನ್ನ ನಾನು ಮುರಿದಿಲ್ಲ ಸರ್.”