ಮುಚ್ಚುವ ಬಟನ್

“ಇದನ್ನ ತಟ್ಟನೆ ಮುಚ್ಚೋದು ಹೆಂಗೋ?” ನೀಲಾಂಬಿಕಾ ತನ್ನ ಫೋನಿನಿಂದ ಕಣ್ಣೆತ್ತದೆ ತಮ್ಮನನ್ನು ಕೇಳಿದಳು. ಗಂಡನ ಹೊಡೆತ ತಾಳಲಾರದ ಹೆಂಗಸರಿಗೆ ಆಸರೆ ಕೊಡುವ ಸಂಸ್ಥೆಯೊಂದರ ವೆಬ್‌ಸೈಟಿಗೆ ಬಕ್ಕೇಶ್ ಹೆಡರ್ ಮಾಡಿದ್ದ. ಪುಟದ ನೆತ್ತಿಯಲ್ಲಿ ಸಂಸ್ಥೆಯ ಹೆಸರು, ಲಾಂಛನ, ಪಕ್ಕದಲ್ಲಿ ‘ಸಹಾಯಕ್ಕೆ ಕರೆ ಮಾಡಿ’ ಎಂಬ ಕೆಂಪು ಬಟನ್. ನಾಳೆಯೇ ಒಪ್ಪಿಸಬೇಕಿತ್ತು. ಮನೆಯಲ್ಲಿರುವ ಹೆಂಗಸರಿಗೆ ಅದು ತಿಳಿಯುತ್ತದೋ ಇಲ್ಲವೋ ನೋಡೋಣವೆಂದು ದಾವಣಗೆರೆಯಿಂದ ಹರಿಹರದ ಅಕ್ಕನ ಮನೆಗೆ ಬಂದು, ಅವಳ ಫೋನಿನಲ್ಲೇ ಪುಟ ತೆರೆದು ಕೊಟ್ಟಿದ್ದ.

“ಮುಚ್ಚೋದು ಯಾಕಕ್ಕಾ? ಬಣ್ಣ ಹೆಂಗೈತೆ ಹೇಳು.”

“ಬಣ್ಣ ಮದುವೆ ಕಾರ್ಡ್ ಇದ್ದಂಗೈತೆ, ಬಿಡು. ಕರೆ ಮಾಡಿದ್ರೆ ನಂಬರ್ ಫೋನಿನಾಗೆ ಉಳಿತೈತೆ. ಅಳಿಸಿದ್ರೆ, ಯಾಕ ಅಳಿಸ್ದಿ ಅಂತ ಕೇಳ್ತಾರೆ. ಮೊದ್ಲು ಇಲ್ಲಿ, ಮೇಲಿನ ಮೂಲೆಗೆ, ಮುಚ್ಚೋ ಬಟನ್ ಇಡು. ನೋಡ್ದೇನೇ ಹೆಬ್ಬೆರಳಿಗೆ ಸಿಗಬೇಕು.”

“ನೀನೇ ಡಿಸೈನರ್ ಆಗ್ಬೇಕಿತ್ತು ನೋಡು!” ಬಕ್ಕೇಶ್ ನಕ್ಕ. “ಇದೆಲ್ಲ ನಿಂಗೆ ಯಾರು ಹೇಳಿಕೊಟ್ರು?”

ಅಷ್ಟರಲ್ಲಿ ಬಾಗಿಲ ಮುಂದೆ ಬೈಕ್ ನಿಂತಿತು. ಒಳಗೆ ಬಂದ ಭಾವ ಚಪ್ಪಲಿ ಬಿಡುತ್ತಲೇ ಹೆಂಡತಿಯ ಕಡೆ ಅಂಗೈ ಚಾಚಿದರು. ಅವಳು ಫೋನ್ ಕೊಟ್ಟಳು. ಅದರಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಹಾಕುವ ವಿಡಿಯೊ ಓಡುತ್ತಿತ್ತು. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತಿದ್ದರೂ ಅವಳ ಹೆಬ್ಬೆರಳು ಅಲುಗಿದ್ದನ್ನು ಬಕ್ಕೇಶ್ ಕಂಡಿರಲಿಲ್ಲ.

“ಯಾವಾಗ ಬಂದ್ಯೋ ಬಕ್ಕೇಶಾ? ಊಟ ಮಾಡ್ಕೊಂಡೇ ಹೋಗ್ಬೇಕು ಮತ್ತೆ,” ಎಂದರು ಭಾವ, ಅವಳ ಫೋನಿನಲ್ಲಿ ಒಂದೊಂದೇ ಮೆಸೇಜ್ ತೆರೆದು ನೋಡುತ್ತ.